ಪ್ಲಸ್ ಇಲ್ಲದ ಅಳಿಯ

ಬ್ರಹ್ಮನಿಗೆ ಸೃಷ್ಟಿ ಮಾಡಲು ಏನೇನು ಬೇಕಾಯಿತೋ ಯಾರಿಗೂ ಗೊತ್ತಿಲ್ಲ. ಗುರುಪಾದನಿಗೆ ಮಾತ್ರ ಒಂದು ಲ್ಯಾಪ್‌ಟಾಪು, ಒಂದು ಭಾನುವಾರ, ಆಗಾಗ ಒಂದು ಲೋಟ ಚಹಾ ಸಾಕಿತ್ತು. ಹಾಗೆಂದು ಅವನೇ ಹೇಳಿಕೊಂಡ, ಅದೂ ಮಾಟುಂಗದ ಅತ್ತೆ ಮನೆಯಲ್ಲಿ, ಹೆಂಡತಿಯ ಕಡೆಯ ನೆಂಟರೆಲ್ಲ ಸಜ್ಜಿಗೆ ಬಜಿಲ್ ತಿನ್ನುತ್ತ ಕೂತಿದ್ದಾಗ!

"ನಾ ಇರೂಮಟ ಹೊರಗಿನವ್ರು ಯಾಕ್ರಿ? ನಿಮ್ಮ ಕುಟುಂಬದ ಮರಾ ನಾನ ಬೆಳಸ್ತೀನಿ. ಮುಂದಿನ ವಾರಕ್ಕ ಹಣ್ಣ ಬಿಡಬೇಕು ಅದು," ಎಂದ.

ವಿಷಯ ಏನಪ್ಪಾ ಎಂದರೆ, ಅವನ ಹೆಂಡತಿ ನಿಶ್ಮಿತಾಳದು ಉಡುಪಿ ಕಡೆಯ ತುಳು ಕುಟುಂಬ. ಅದಕ್ಕೆ ಯಜಮಾನ ನಿಶ್ಮಿತಾಳ ತಾಯಿಯ ಅಣ್ಣ, ದೂಜ ಮಾವ. ಮುಂಬಯಿಯ ಫೋರ್ಟಿನಲ್ಲಿ ಕ್ಯಾಂಟೀನು ನಡೆಸಿ ಬಿಟ್ಟ ಮೇಲೆ, ಅಲ್ಲಿ ಹುಡುಗರ ಮೇಲೆ ಹಾಕುತ್ತಿದ್ದ ಜೋರನ್ನೆಲ್ಲ ಈಗ ನೆಂಟರ ಮೇಲೆ ಹಾಕುತ್ತಿದ್ದರು. ಇತ್ತೀಚೆಗೆ ಅವರಿಗೆ ಹತ್ತಿದ ಚಿಂತೆ ಮುಂಬಯಿಯಲ್ಲಿ ಹುಟ್ಟಿದ ಮಕ್ಕಳದು. ಮದುವೆ ಮನೆಗೆ ಹೋದರೆ ಈ ಮಕ್ಕಳಿಗೆ ಚಿಕ್ಕಮ್ಮನೂ ಆಂಟಿ, ಅತ್ತೆಯೂ ಆಂಟಿ, ಬಾಗಿಲಲ್ಲಿ ಮಲ್ಲಿಗೆ ಮಾರುವವಳೂ ಆಂಟಿ! ಯಾರು ಯಾರಿಗೆ ಏನಾಗಬೇಕು ಎನ್ನುವುದನ್ನು ಒಂದು ವೆಬ್‌ಸೈಟಿನಲ್ಲಿ ಹಾಕಿಬಿಟ್ಟರೆ ಹೇಗೂ ಮೊಬೈಲು ಬಿಡದ ಮಕ್ಕಳು ಅದನ್ನಾದರೂ ನೋಡಿಯಾವು ಎಂದು ಅವರಿಗೆ ಹೊಳೆಯಿತು. ಯಾವುದಾದರೂ ಕಂಪೆನಿಗೆ ಕೊಡೋಣ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಗುರುಪಾದ ನಡುವೆ ಹಾರಿದ.

ಹಾರಲು ಅವನಿಗೆ ಕಾರಣವೂ ಇತ್ತು. ಅವನ ಹಿರಿಯರು ವಿಜಯಪುರ ಕಡೆಯವರು, ಅವನು ಹುಟ್ಟಿ ಬೆಳೆದದ್ದು ಇಲ್ಲೇ ಸಾಯನ್ನಿನಲ್ಲಿ, ಮನೆಯಲ್ಲಿ ಮಾತ್ರ ಊರಿನ ಮಾತೇ ಗಟ್ಟಿ. ನಿಶ್ಮಿತಾಳನ್ನು ಮೆಚ್ಚಿ ಮದುವೆಯಾಗಿದ್ದ. ಅತ್ತೆ ಮನೆಯವರು ಅವನನ್ನು ಒಂದು ದಿನವೂ ಅಗೌರವದಿಂದ ಕಂಡಿರಲಿಲ್ಲ. ಆದರೆ ಪ್ರತಿ ವರ್ಷ ಕುಟುಂಬದ ಕೂಟದಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು, "ಗುರುಪಾದರೇ, ನೀವು ಚೆಂದ ತೆಗೀತೀರಿ, ಸ್ವಲ್ಪ ಹಿಡ್ಕೊಳ್ಳಿ" ಎಂದು ಮೊಬೈಲನ್ನು ಅವನ ಕೈಗೇ ಇಡುತ್ತಿದ್ದರು. ಇಷ್ಟು ವರ್ಷದ ಒಂದು ಫೋಟೋದಲ್ಲೂ ಅವನಿಲ್ಲ. ಇದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ತಾನೇ ಮರ ಕಟ್ಟಿದರೆ ತನ್ನ ಹೆಸರಿಗೆ ಅದರಲ್ಲಿ ಒಂದು ಟೊಂಗೆ ಸಿಗುತ್ತದೆ, ಅಲ್ಲಿಂದ ಯಾರೂ ಇಳಿಸಲಾರರು ಎಂದು ಅವನ ಆಸೆ.

ಅಂಧೇರಿಯ ಕಂಪೆನಿಯೊಂದರಲ್ಲಿ ವೆಬ್‌ಸೈಟು ಕಟ್ಟುವುದೇ ಅವನ ಕೆಲಸ. ಕಟ್ಟುವುದು ಎನ್ನುವುದು ದೊಡ್ಡ ಮಾತಾಯಿತು. ಗಿರಾಕಿಗಳು ಹೇಳಿದಂತೆ ಬಟನ್ನನ್ನು ಸ್ವಲ್ಪ ಎಡಕ್ಕೆ ಸರಿಸುವುದು, ಮರುದಿನ ಅವರೇ ಹೇಳಿದಂತೆ ಸ್ವಲ್ಪ ಬಲಕ್ಕೆ ಸರಿಸುವುದು, ಇದೇ ಹೆಚ್ಚು. ಈಗ ಒಂದು ಇಡೀ ವಂಶವೇ ಕೈಗೆ ಸಿಕ್ಕಿತ್ತು!

ಭಾನುವಾರ ಕೆಲಸ ಶುರುವಾಯಿತು. ಪುಟದ ಮೇಲೆ ಮಡಚಿ ಬಿಚ್ಚುವ ಇಂಥ ಮರಗಳನ್ನು ನೀವೂ ನೋಡಿರುತ್ತೀರಿ. ಒಂದು ಹೆಸರು, ಅದರ ಮುಂದೆ ಸಣ್ಣದೊಂದು ಪ್ಲಸ್ ಗುರುತು. ಅದನ್ನು ಒತ್ತಿದರೆ ಮಕ್ಕಳ ಹೆಸರೆಲ್ಲ ಸಾಲಾಗಿ ಕೆಳಗಿಳಿದು ಬರುತ್ತವೆ, ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಮೈನಸ್ ಒತ್ತಿದರೆ ಎಲ್ಲರೂ ಮತ್ತೆ ಒಳಗೆ. ಒಳಗೆ ಯಾರೂ ಇಲ್ಲದ ಹೆಸರಿಗೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ, ಬೋಳು ಹೆಸರು. ಇದನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆಯುವುದು ನೀರು ಕುಡಿದಷ್ಟು ಸುಲಭ ಎಂದು ಗುರುಪಾದ ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಚುತ್ತ ಹೂಂ ಎಂದಳು.

ಮಗಳು ಸ್ನೇಹಲ್‌ಗೆ ಮಾತ್ರ ಭಾರಿ ಕುತೂಹಲ. ಅಪ್ಪನ ಮೊಣಕೈಗೆ ಗದ್ದವಿಟ್ಟು ನೋಡುತ್ತಿದ್ದವಳು, ಮೈನಸ್ ಒತ್ತಿದಾಗ ಅಜ್ಜಿ, ಮಾವ ಎಲ್ಲ ಮಾಯವಾದದ್ದು ಕಂಡು, "ಪಪ್ಪಾ, ಇವರೆಲ್ಲ ಕಹಾಂ ಗಯೇ?" ಎಂದು ಕೇಳಿದಳು.

ಗುರುಪಾದನಿಗೂ ಒಂದು ಕ್ಷಣ ಅದೇ ಪ್ರಶ್ನೆ ಹಿಡಿಯಿತು. ಇಷ್ಟು ವರ್ಷ ಬರೆದಿದ್ದನೇ ಹೊರತು, ಮುಚ್ಚಿದವರು ಎಲ್ಲಿಗೆ ಹೋಗುತ್ತಾರೆಂದು ಯೋಚಿಸಿರಲಿಲ್ಲ. "ಎಲ್ಲೂ ಹೋಗೂದಿಲ್ಲ ಕೂಸ. ಅಲ್ಲೇ ಕುಂತಿರ್ತಾರ. ಕಾಣಬ್ಯಾಡ್ರಿ ಅಂತ ನಾ ಹೇಳಿರ್ತೀನಿ, ಅಷ್ಟ," ಎಂದ. ಅವನು ಹೇಳಿದ್ದಕ್ಕೆ ಸುಮ್ಮನೆ ಕೂರುವವರು ತಮ್ಮ ಕುಟುಂಬದಲ್ಲಿ ಯಾರಿದ್ದಾರೆ ಎಂದು ನಿಶ್ಮಿತಾ ಆ ಕಡೆಯಿಂದ ಕೇಳಿದಳು.

ಅವಳ ಬಾಯಿಂದ ಬಂದದ್ದೇ ತಡ, ಮರ ಅಡ್ಡಾದಿಡ್ಡಿ ಆಡತೊಡಗಿತು. ಕೆಳಗಿನ ಸಾಲಿನಲ್ಲಿದ್ದ ನಾದಿನಿ ಶ್ರೇಯಾಳ ಹೆಸರನ್ನು ಒತ್ತಿದರೆ ಅವಳ ಬದಲು ಅವಳ ಮೇಲಿನವರು ಮುಚ್ಚಿಕೊಂಡರು. ಅವರ ಹಿಂದೆಯೇ ಅವರ ಮೇಲಿನವರು. ಹಾಗೇ ಏರಿ ಏರಿ ಇಡೀ ಮರವೇ ಪಟ್ಟನೆ ಮಡಚಿಕೊಂಡು, ನೆತ್ತಿಯ ಮೇಲೆ 'ಪಡುಮನೆ ಕುಟುಂಬ' ಎಂಬ ಒಂದೇ ಸಾಲು ಉಳಿಯಿತು. ಮತ್ತೆ ತೆರೆದ, ಮತ್ತೆ ಒತ್ತಿದ, ಮತ್ತೆ ಅದೇ! ಚಹಾ ಆರಿತು. ಊಟ ಆರಿತು. ಕೊನೆಗೆ ಗುಟ್ಟು ಸಿಕ್ಕಿತು. ಮಗುವಿನ ಮೇಲೆ ಬಿದ್ದ ಒತ್ತು ಅಲ್ಲಿಗೇ ನಿಲ್ಲುವುದಿಲ್ಲ, ಅದನ್ನು ಹೊತ್ತ ಮೇಲಿನ ಹೆಸರಿಗೂ ಸುದ್ದಿ ಮುಟ್ಟುತ್ತದೆ, ಅಲ್ಲಿಂದ ಅದರ ಮೇಲಕ್ಕೆ. ಸುದ್ದಿ ಮುಟ್ಟಿದವರೆಲ್ಲ ತಮ್ಮನ್ನೇ ಒತ್ತಿದರೆಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತಾರೆ.

ಈ ಆಶ್ಚರ್ಯವನ್ನು ಅವನು ಹೆಂಡತಿಗೆ ಬಣ್ಣಿಸಿ ಬಣ್ಣಿಸಿ ಹೇಳಿದ. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಅದರಲ್ಲಿ ಎಂತ ಉಂಟು ಮಾರಾಯ್ರೆ? ನಮ್ಮಲ್ಲಿ ಶ್ರೇಯಾ ಸೀನಿದ್ರೂ ದೂಜ ಮಾವನಿಗೆ ಗೊತ್ತಾಗ್ತದೆ," ಎಂದಳು.

ಸುದ್ದಿ ಮೇಲೇರದಂತೆ ತಡೆಯುವ ಒಂದು ಸಾಲು ಬರೆದ ಮೇಲೆ ಮರ ತೆಪ್ಪಗಾಯಿತು. ನಿಜವಾದ ಕುಟುಂಬಕ್ಕೂ ಇಂಥದ್ದೊಂದು ಸಾಲು ಸಿಗುವಂತಿದ್ದರೆ ಎಂದು ಅವನು ನಿಟ್ಟುಸಿರು ಬಿಟ್ಟ.

ಇನ್ನು ಉಳಿದದ್ದು ಬಳಿ. ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಅವರ ಬಳಿ ಯಾವುದೆಂದು ಬರಲೇಬೇಕು, ಸಂಬಂಧ ನೋಡುವವರು ಮೊದಲು ಕೇಳುವುದೇ ಅದನ್ನು ಎಂದು ದೂಜ ಮಾವ ತಾಕೀತು ಮಾಡಿದ್ದರು. ಗುರುಪಾದನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೇ ಬಳಿಯ ಹುಡುಗ ಹುಡುಗಿ ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಅವನ ಕಡೆಯವರು ಇದಕ್ಕೇ ಬೆಡಗು ಎನ್ನುತ್ತಾರೆ. ಬೆಡಗು ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಬಳಿ ಯಾರಿಂದ ಬರುತ್ತದೆ ಎಂದು ಕೇಳುವುದು ಅವನಿಗೆ ಹೊಳೆಯಲೇ ಇಲ್ಲ. ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆಂದು ಯಾರಾದರೂ ಕೇಳಿಕೊಂಡು ಕೂರುತ್ತಾರೆಯೇ!

ಒಬ್ಬೊಬ್ಬರಿಗೂ ಬಳಿ ಬರೆಯುತ್ತ ಕೂತರೆ ಬೆರಳು ಸವೆಯುತ್ತದೆಂದು ಅವನು ಒಂದು ಜಾಣತನ ಮಾಡಿದ. ಅಪ್ಪನ ಬಳಿಯನ್ನು ಒಮ್ಮೆ ತುಂಬಿದರೆ ಸಾಕು, ಅದು ತಾನಾಗಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿಯುವಂತೆ ಬರೆದ. ಆಮೇಲೆ ಮನೆಯ ಗಂಡಸರಿಗೆಲ್ಲ ಫೋನು ಮಾಡಿ ಅವರವರ ಬಳಿ ಕೇಳಿ ತುಂಬತೊಡಗಿದ.

ಮಾವ ಐತ ಅವರಿಗೆ ಫೋನು ಮಾಡಿದಾಗ ಅವರು ಪ್ರಶ್ನೆಯನ್ನು ಎರಡೆರಡು ಸಲ ಹೇಳಿಸಿಕೊಂಡರು. ನಿಶ್ಮಿತಾಳ ತಂದೆ ಐತ ಮೊದಲೇ ಮಿತಭಾಷಿ. ಬದುಕಿಡೀ ಹೆಂಡತಿಯ ಕಡೆಯವರ ಮಾತು ಕೇಳಿಯೇ ಕಳೆದವರು. ಅವರ ಬಳಿ ಯಾವುದೆಂದು ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ "ಕರ್ಕೇರ" ಎಂದರು. ಸ್ವಲ್ಪ ತಡೆದು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು.

ಹೀಗೆ ಐತ ಅವರು ಮರದಲ್ಲಿ ತಮ್ಮದೇ ಪ್ಲಸ್ಸಿನೊಂದಿಗೆ ನಿಂತರು, ಅವರೊಳಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರ ಪಕ್ಕದಲ್ಲೂ ಕರ್ಕೇರ. ನಿಶ್ಮಿತಾಳ ಪಕ್ಕದಲ್ಲಿ ಗುರುಪಾದ, ಅವನಿಗೂ ಒಂದು ಪ್ಲಸ್, ಒಳಗೆ ಸ್ನೇಹಲ್. ತನ್ನ ಬಳಿಯ ಜಾಗದಲ್ಲಿ ಅವನು ತನ್ನ ಬೆಡಗನ್ನೇ ಬರೆದುಬಿಟ್ಟ. ತನ್ನ ಪ್ಲಸ್ಸನ್ನು ತಾನೇ ಒತ್ತಿ, ಮಗಳು ಹೊರಬಂದದ್ದನ್ನು ನೋಡಿ, ಮತ್ತೆ ಮುಚ್ಚಿ, ಮತ್ತೆ ಒತ್ತಿದ. ಅಂದು ಅವನಿಗೆ ಆದ ಸಂತೋಷ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಲಿಂಕು ದೂಜ ಮಾವನಿಗೆ ಹೋಯಿತು. ಅವರು ಕನ್ನಡಕ ಏರಿಸಿ ಮೊಬೈಲು ತೆರೆದರು. ಪುಟ ತೆರೆದಾಗ ಮರ ಮಡಚಿಕೊಂಡೇ ಇರುವಂತೆ ಗುರುಪಾದ ಮಾಡಿದ್ದ. ಅವರಿಗೆ ಕಂಡದ್ದು 'ಪಡುಮನೆ ಕುಟುಂಬ' ಎಂಬ ಚೆಂದದ ಅಕ್ಷರ, ಪಕ್ಕದಲ್ಲಿ ಒಂದು ಪ್ಲಸ್. ಅದನ್ನು ಅವರು ವೈದ್ಯರ ಗುರುತಿನಂಥ ಏನೋ ಅಲಂಕಾರ ಎಂದುಕೊಂಡರು. ಗಜಿಬಿಜಿ ಇಲ್ಲದೆ ಚೊಕ್ಕವಾಗಿ ಬಂದಿದೆ, ಇವನನ್ನು ಏನೋ ಅಂದುಕೊಂಡಿದ್ದೆ ಎಂದು ಹೊಗಳಿ, ಅಲ್ಲಿಂದಲೇ ನೆಂಟರಿಗೆಲ್ಲ ಕಳಿಸಿದರು. ಹೊಸದಾಗಿ ನೆಂಟರಾಗಲಿದ್ದವರಿಗೂ ಕಳಿಸಿದರು.

ಹೊಸ ನೆಂಟರು ಎಂದರೆ ತಿಲಕ್‌ನ ಮನೆಯವರು. ಶ್ರೇಯಾ ಮತ್ತು ತಿಲಕ್ ಕಾಲೇಜಿನಿಂದಲೇ ಒಬ್ಬರನ್ನೊಬ್ಬರು ಮೆಚ್ಚಿದವರು. ಎರಡೂ ಮನೆಯವರನ್ನು ಒಪ್ಪಿಸಲು ಪಟ್ಟ ಪಾಡು ಅವರಿಗೇ ಗೊತ್ತು. ಬರುವ ಭಾನುವಾರ ಮಾಟುಂಗದ ಹಾಲ್‌ನಲ್ಲಿ ನಿಶ್ಚಿತಾರ್ಥ. ತಿಲಕ್‌ನ ತಾಯಿ ವಿನೋದಿನಿ ಅಂಧೇರಿಯವರು, ಸೀರೆ ಕೊಳ್ಳುವಾಗ ಕೂಡ ಒಳಮಡಿಕೆ ಬಿಡಿಸಿ ಬೆಳಕಿಗೆ ಹಿಡಿಯುವ ಹೆಂಗಸು. ಅಂಥವರು ಪ್ಲಸ್ಸನ್ನು ಅಲಂಕಾರ ಎಂದುಕೊಳ್ಳುತ್ತಾರೆಯೇ? ಒಂದನ್ನು ಒತ್ತಿದರು. ಒಳಗಿನಿಂದ ಇನ್ನೊಂದು ಬಂತು. ಅದನ್ನೂ ಒತ್ತಿದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಅವರ ಬೆರಳು ಇಳಿಯುತ್ತಿತ್ತು. ಕಟ್ಟಕಡೆಗೆ ಶ್ರೇಯಾ ಸಿಕ್ಕಳು. ಅವಳ ಪಕ್ಕದಲ್ಲಿ ಬರೆದಿತ್ತು: ಕರ್ಕೇರ.

ವಿನೋದಿನಿಯ ಬಳಿಯೂ ಕರ್ಕೇರ. ತಿಲಕ್‌ನದೂ ಅದೇ. ಸಾರು ಉಕ್ಕಿ ಒಲೆ ಆರಿತು, ಅವರು ಫೋನು ಎತ್ತಿಕೊಂಡರು.

"ಕೇಳಿದಾಗ ಹುಡುಗಿಯ ಬಳಿ ಬಂಗೇರ ಅಂತ ಹೇಳಿದ್ರಿ ರಾಜೀವಿಯಕ್ಕ. ಈಗ ನಿಮ್ಮದೇ ಕುಟುಂಬದವರು ಕರ್ಕೇರ ಅಂತ ಹಾಕಿದ್ದಾರೆ. ಅಣ್ಣ ತಂಗಿಗೆ ಮದುವೆ ಮಾಡ್ಲಿಕ್ಕೆ ಹೊರಟಿದ್ದೀರಾ ನಮ್ಮ ಕೈಯಲ್ಲಿ?" ಎಂದು ನಿಶ್ಮಿತಾಳ ತಾಯಿಯನ್ನು ತಣ್ಣಗೆ ಕೇಳಿದರಂತೆ. ಜೋರಾಗಿ ಕೇಳಿದ್ದರೆ ರಾಜೀವಿಯೂ ಜೋರಾಗಿ ಉತ್ತರ ಕೊಡುತ್ತಿದ್ದರು. ತಣ್ಣಗೆ ಕೇಳಿದ್ದರಿಂದ ಅವರಿಗೆ ಕೈಕಾಲು ಆಡಲಿಲ್ಲ.

ಸಂಜೆ ಗುರುಪಾದ ಆಫೀಸಿನಿಂದ ಮಾಟುಂಗಕ್ಕೆ ಬಂದಾಗ, ಮನೆಯಲ್ಲಿ ಮೆಚ್ಚುಗೆಯ ಸುರಿಮಳೆ ಕಾದಿದೆ ಎಂದುಕೊಂಡೇ ಚಪ್ಪಲಿ ಬಿಟ್ಟ. ಒಳಗೆ ಶ್ರೇಯಾಳ ಮೂಗು ಕೆಂಪಾಗಿತ್ತು. "ಭಾವ, ಆಪ್‌ನೇ ಯೇ ಕ್ಯಾ ಕರ್ ದಿಯಾ? ತಿಲಕ್‌ನ ಮಮ್ಮಿ ಅವನ ಫೋನ್ ಕೂಡ ತೆಗೆದಿಟ್ಟಿದ್ದಾರೆ," ಎಂದು ಅತ್ತಳು. ದೂಜ ಮಾವ ಮೊಬೈಲನ್ನು ದೂರಕ್ಕೆ ಹಿಡಿದು, ಈಗ ಗೊತ್ತಾದ ಪ್ಲಸ್ಸುಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಒತ್ತಿದ ಹಾಗೆಲ್ಲ ಅವರ ಹುಬ್ಬು ಮೇಲೇರುತ್ತಿತ್ತು.

"ಎಂಥ ಸಾವು ಮಾರಾಯ್ರೆ ಇದು! ಮಕ್ಕಳನ್ನು ಎಲ್ಲ ಗಂಡಸರ ಒಳಗೆ ತುಂಬಿಸಿ ಇಟ್ಟಿದ್ದೀರಲ್ಲ. ನಮ್ಮದು ಅಳಿಯಕಟ್ಟು. ಬಳಿ ಬರುವುದು ತಾಯಿಯಿಂದ."

"ತಾಯಿಯಿಂದ?" ಎಂದ ಗುರುಪಾದ.

"ಮತ್ತೆ ಎಲ್ಲಿಂದ?" ಎಂದರು ರಾಜೀವಿ. ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆಂದು ಕೇಳಿದವನನ್ನು ನೋಡುವಂತೆ ಅವನನ್ನು ನೋಡಿದರು. ರಾಜೀವಿ ಬಂಗೇರ, ಆದ್ದರಿಂದ ಮಕ್ಕಳಿಬ್ಬರೂ ಬಂಗೇರ. ಐತ ಕರ್ಕೇರ ಆಗಿದ್ದರೆ ಅದು ಅವರ ತಾಯಿ ಮನೆಯ ಸಮಾಚಾರ, ಇಲ್ಲಿಗೆ ಅದರ ಸಂಬಂಧವೇ ಇಲ್ಲ.

ಗುರುಪಾದನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಜೊತೆಗೇ, ಹೇಳಬಾರದು, ಒಳಗೆಲ್ಲೋ ಕುತೂಹಲವೂ ಕೆರಳಿತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ತಿಂದು, ಹೆಂಡತಿಯ ಜಗತ್ತು ಬೇರೆ ಕಡೆಯಿಂದ ಬೆಳೆದದ್ದೆಂದು ತನಗೆ ಗೊತ್ತೇ ಆಗಲಿಲ್ಲವಲ್ಲ! ಅಲ್ಲೇ ನೆಲದ ಮೇಲೆ ಕೂತು ಲ್ಯಾಪ್‌ಟಾಪು ತೆರೆದ. ತಿದ್ದುವುದು ಕಷ್ಟವಿರಲಿಲ್ಲ. ಮಕ್ಕಳನ್ನು ಯಾರ ಒಳಗೆ ಹಾಕಬೇಕೆಂದು ಹೇಳುವ ಜಾಗದಲ್ಲಿ ತಂದೆ ಎಂದಿದ್ದುದನ್ನು ತಾಯಿ ಎಂದು ಬದಲಿಸಿ, ಪುಟವನ್ನು ಮತ್ತೆ ತೆರೆದ.

ಮರ ಒಮ್ಮೆ ಮೈ ಕೊಡವಿಕೊಂಡು ಬೇರೆಯೇ ಆಗಿ ನಿಂತಿತು. ಗಂಡಸರ ಹೆಸರಿನ ಮುಂದಿದ್ದ ಪ್ಲಸ್ಸುಗಳೆಲ್ಲ ಉದುರಿಹೋದವು. ಯಜಮಾನರಾದ ದೂಜ ಮಾವನೇ ಬೋಳು ಹೆಸರಾಗಿ ತಂಗಿಯ ಪಕ್ಕದಲ್ಲಿ ನಿಂತರು, ಅವರ ಮಕ್ಕಳು ಅವರ ಹೆಂಡತಿಯ ಕುಟುಂಬಕ್ಕೆ ಹೋದರು. ಅವರಿಗೆ ಅದರಿಂದ ಏನೂ ಅನ್ನಿಸಲಿಲ್ಲ, ಈಗ ಸರಿಯಾಯಿತು ಎಂದರು. ಹೊರಗಿನಿಂದ ಬಂದ ಗಂಡಂದಿರು ಮಾತ್ರ ಪುಟದಿಂದಲೇ ಮಾಯ. ಅವರು ಅವರವರ ತಾಯಿ ಮನೆಯ ಮರದಲ್ಲಿ ಇರುತ್ತಾರಂತೆ. ಗುರುಪಾದ ನಿಶ್ಮಿತಾಳ ಹೆಸರನ್ನು ಹುಡುಕಿ ಅದರ ಪ್ಲಸ್ ಒತ್ತಿದ. ಸ್ನೇಹಲ್ ಹೊರಬಂದಳು, ಪಕ್ಕದಲ್ಲಿ ಬಂಗೇರ. ತಾನು ಮೇಲೂ ಇಲ್ಲ, ಕೆಳಗೂ ಇಲ್ಲ. ತನ್ನ ಕೈಯಿಂದಲೇ ತನ್ನನ್ನು ಅಳಿಸಿಕೊಂಡ ಮನುಷ್ಯ ಮುಂಬಯಿಯಲ್ಲಿ ತಾನೊಬ್ಬನೇ ಇರಬೇಕು ಎಂದು ಅವನಿಗೆ ಅನ್ನಿಸಿತು.

ಹೋಗಲಿ, ಕೆಲಸವಾದರೂ ಆಯಿತಲ್ಲ ಎಂದು ಹೊಸ ಮರವನ್ನು ವಿನೋದಿನಿಗೆ ಕಳಿಸಿದರು. ಅದೇ ಇನ್ನೊಂದು ಎಡವಟ್ಟಾಯಿತು. ವಿನೋದಿನಿ ಮತ್ತೆ ಪ್ಲಸ್ಸುಗಳನ್ನು ಒತ್ತುತ್ತ ಇಳಿದರು. ಬೆಳಿಗ್ಗೆ ಕರ್ಕೇರ ಇದ್ದವಳು ಈಗ ಬಂಗೇರ!

"ಒಂದು ಬಟನ್ ಒತ್ತಿ ಬಳಿ ಬದಲಿಸುವವರು ನೀವು. ನಾಳೆ ಇನ್ನೆಂತ ಬದಲಿಸ್ತೀರೋ," ಎಂದು ಮಾತು ಬಂತು. ಭಾನುವಾರ ತಾವು ಬರುವುದು ಅನುಮಾನ ಎಂದೂ ಹೇಳಿದರು. ತಪ್ಪು ಮಾಡಿದಾಗ ಬಂದ ಸಂಶಯ ತಿದ್ದಿದಾಗ ಇಮ್ಮಡಿಯಾಯಿತು.

ರಾಜೀವಿ ಬಹಳ ಹೊತ್ತು ಯೋಚಿಸಿ ಅಳಿಯನ ಎದುರು ಬಂದು ಕೂತರು. ಅವರು ಅವನನ್ನು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

"ನಾವು ಹೇಳಿದ್ರೆ ಅವರು ನಂಬುವುದಿಲ್ಲ. ನೀವೇ ಹೋಗಿ ಹೇಳ್ಬೇಕು ಗುರುಪಾದರೇ. ನೀವು ಈ ಕುಟುಂಬದವರಲ್ಲ, ನಮ್ಮ ಕ್ರಮ ನಿಮಗೆ ಗೊತ್ತಿಲ್ಲ, ಗೊತ್ತಿಲ್ಲದೆ ಆದದ್ದು ಅಂತ."

ನೋಡಿ, ಎಂಥ ಫಜೀತಿ! ಈ ಕುಟುಂಬದವನು ಅನ್ನಿಸಿಕೊಳ್ಳಬೇಕೆಂದು ಮರ ಕಟ್ಟಿದವ, ಈಗ ಅಂಧೇರಿಗೆ ಹೋಗಿ ತಾನು ಈ ಕುಟುಂಬದವನಲ್ಲ ಎಂದು ತನ್ನ ಬಾಯಿಂದ ಸಾಕ್ಷಿ ಹೇಳಬೇಕು. ಬೇಡ ಎನ್ನೋಣ ಎಂದರೆ ಶ್ರೇಯಾ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಅವಳು ಶಾಲೆಯ ಚೀಲ ಹೊರುವ ಹುಡುಗಿಯಾಗಿದ್ದಾಗಿನಿಂದ ಅವನನ್ನು ಭಾವ ಎಂದವಳು. "ಹೋಗ್ತೀನ್ರಿ," ಎಂದ.

ಒಬ್ಬನನ್ನೇ ಕಳಿಸುವುದು ಸರಿಯಲ್ಲವೆಂದು ಜೊತೆಗೆ ಐತ ಅವರನ್ನು ಕಳಿಸಿದರು. ಮಾಟುಂಗ ರೋಡಿನಿಂದ ಸ್ಲೋ ಲೋಕಲ್ ಹಿಡಿದರು. ಮರದಲ್ಲಿಲ್ಲದ ಅಳಿಯ ಒಂದು ಕಂಬಿ ಹಿಡಿದು, ಮರದಲ್ಲಿಲ್ಲದ ಮಾವ ಅದೇ ಕಂಬಿ ಹಿಡಿದು, ಇಬ್ಬರೂ ಒಟ್ಟಿಗೆ ತೂಗಾಡುತ್ತ ನಿಂತರು. ಬಾಂದ್ರಾ ದಾಟಿದ ಮೇಲೆ ಐತ ಜೇಬಿನಿಂದ ಮೊಬೈಲು ತೆಗೆದು ತೋರಿಸಿದರು. ಹಳೆಯ ಮರದ ಚಿತ್ರವನ್ನು, ಅವರ ಹೆಸರಿನ ಮುಂದೆ ಪ್ಲಸ್ ಇದ್ದಾಗಿನದನ್ನು, ಅವರು ಹಿಡಿದಿಟ್ಟುಕೊಂಡಿದ್ದರು. ಚೆಂದ ಬಂದಿತ್ತು ಎಂದ ಗುರುಪಾದ.

ವಿನೋದಿನಿ ಬಾಗಿಲು ತೆರೆದು, ಕೂರಲು ಹೇಳಿ, ನೀರು ಕೊಟ್ಟು, ಎದುರು ಕೂತರು. ಹಿಂದೆ ತಿಲಕ್ ಬಿಳಿಚಿಕೊಂಡು ನಿಂತಿದ್ದ. ಗುರುಪಾದ ರೈಲಿನಲ್ಲಿ ಹೊಂದಿಸಿಕೊಂಡಿದ್ದ ಭಾಷಣವೆಲ್ಲ ಮರೆತುಹೋಯಿತು. ಆದದ್ದನ್ನು ಆದ ಹಾಗೇ ಹೇಳಿದ. ತಾನು ಆ ಕುಟುಂಬದವನಲ್ಲ, ತನ್ನ ಕಡೆ ಬೆಡಗು ತಂದೆಯಿಂದ ಬರುತ್ತದೆ, ಬಳಿಯೂ ಹಾಗೇ ಎಂದುಕೊಂಡೆ, ಯಾರನ್ನೂ ಕೇಳಲಿಲ್ಲ, ತಪ್ಪು ತನ್ನೊಬ್ಬನದು, ಅತ್ತೆಯವರು ಹೇಳಿದ್ದು ಮೊದಲಿನಿಂದಲೂ ನಿಜ ಎಂದ. ವಿನೋದಿನಿ ಅವನ ಮಾತಿನ ಒಳಮಡಿಕೆಯನ್ನೂ ಬೆಳಕಿಗೆ ಹಿಡಿದು ನೋಡುವವರಂತೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಹಾಕಿದರು.

"ನಿಮಗೊಬ್ಬಳು ಮಗಳಿದ್ದಾಳಲ್ಲ. ಅವಳ ಬಳಿ ಯಾವುದು?"

ಗುರುಪಾದನಿಗೆ ಅಪ್ಪ, ಅಜ್ಜ, ಮುತ್ತಜ್ಜ, ರುಮಾಲು ಸುತ್ತಿದ ಆ ಹಿರಿಯರೆಲ್ಲ ಸಾಲಾಗಿ ಬಂದು ಆ ಕೋಣೆಯಲ್ಲಿ ನಿಂತ ಹಾಗಾಯಿತು. ತನ್ನ ಬೆಡಗು ಹೇಳಿದರೆ ಈ ಹೆಂಗಸು, ನೋಡಿದಿರಾ, ಆ ಮನೆಯಲ್ಲಿ ಬಳಿ ಅಪ್ಪನಿಂದಲೇ ಬರುವುದು ಎನ್ನುತ್ತಾರೆ. ಅಲ್ಲಿಗೆ ಶ್ರೇಯಾಳ ಕತೆ ಮುಗಿಯಿತು. ಅವನು ನೀರು ಗುಟುಕರಿಸಿದ.

"ಬಂಗೇರ," ಎಂದ.

ವಿನೋದಿನಿಯ ಮುಖ ಮೊದಲ ಬಾರಿ ಸಡಿಲವಾಯಿತು. ತಂದೆಯಾದವನು, ಅದೂ ಅಪ್ಪನ ಕಟ್ಟಿನವನು, ತನ್ನ ಬಾಯಿಂದ ಇದನ್ನು ಹೇಳಿದ ಮೇಲೆ ನಂಬದೆ ಇರುವುದು ಹೇಗೆ ಎಂದು ಮಗನತ್ತ ತಿರುಗಿ ಹೇಳಿದರು. ತಿಲಕ್ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಚಹಾಕ್ಕೆಂದು ಎದ್ದ ವಿನೋದಿನಿ ಬಾಗಿಲಲ್ಲಿ ನಿಂತರು. ಅವರ ಕುತೂಹಲ ಅಷ್ಟಕ್ಕೇ ತಣಿಯುವುದಲ್ಲವಲ್ಲ.

"ಹಾಗಾದ್ರೆ ಆ ಕರ್ಕೇರ ಬಂದದ್ದೆಲ್ಲಿಂದ? ನಿಜವಾಗಿ ಯಾರದ್ದಾದ್ರೂ ಹೌದಾ, ಅದೂ ತಪ್ಪಾ?"

ಸೋಫಾದ ಮೂಲೆಯಲ್ಲಿ ಐತ ಶಾಲೆಯ ಹುಡುಗನಂತೆ ಒಂದು ಬೆರಳು ಎತ್ತಿದರು. "ನನ್ನದು."

"ನಿಮ್ಮದಾ? ಮೊದಲೇ ಹೇಳ್ಬಾರದಿತ್ತಾ?"

"ಯಾರೂ ಕೇಳ್ಲಿಲ್ಲ," ಎಂದರು ಐತ.

ವಿನೋದಿನಿ ಚಹಾ ಮರೆತು ಬಂದು ಅವರ ಎದುರು ನಿಂತುಬಿಟ್ಟರು. ಒಂದೇ ಬಳಿ ಎಂದ ಮೇಲೆ ಐತ ವಿನೋದಿನಿಗೆ ಅಣ್ಣನ ಲೆಕ್ಕ. ಅಣ್ಣ ಎಂದ ಮೇಲೆ ತಿಲಕ್‌ಗೆ ಸೋದರಮಾವ. ಸೋದರಮಾವನ ಮಗಳನ್ನು ತರುವುದೆಂದರೆ ಅದಕ್ಕಿಂತ ದೊಡ್ಡ ಸಂಬಂಧ ಇನ್ನಾವುದಿದೆ? ಹುಡುಕಿದರೂ ಸಿಗದ ಜೋಡಿ ಇದು! ಅವರು ತಲೆಗೆ ಸೆರಗು ಎಳೆದುಕೊಂಡು ಐತ ಅವರ ಕಾಲು ಮುಟ್ಟಿದರು, ಮಗನನ್ನೂ ಬಗ್ಗಿಸಿದರು. ಐತ ಅವರಿಗೆ ಕಣ್ಣು ತುಂಬಿತು, ಕೈ ಎಲ್ಲಿಡಬೇಕೆಂದು ತಿಳಿಯದೆ ತಿಲಕ್‌ನ ಕಿವಿಯ ಮೇಲಿಟ್ಟು ಹರಸಿದರು. ಬಂದಾಗ ಬಿಸ್ಕತ್ತಿನಲ್ಲಿ ಮುಗಿಯಬೇಕಿದ್ದ ಉಪಚಾರ ನೀರುದೋಸೆ, ಕೋಳಿ ಸಾರಿನವರೆಗೆ ಹೋಯಿತು. ಸಸ್ಯಾಹಾರಿ ಗುರುಪಾದ ನೀರುದೋಸೆಯನ್ನು ಸಕ್ಕರೆ ಹಚ್ಚಿಕೊಂಡು ತಿಂದ.

ಭಾನುವಾರ ಹಾಲ್‌ನಲ್ಲಿ ಐತ ಅವರ ದರ್ಬಾರು ನೋಡಬೇಕಿತ್ತು. ಹುಡುಗಿಯ ತಂದೆ ಎಂದು ಒಂದು ಶಾಲು, ಹುಡುಗನಿಗೆ ಸೋದರಮಾವನ ಲೆಕ್ಕ ಎಂದು ಇನ್ನೊಂದು. ದೂಜ ಮಾವನ ಪಕ್ಕದಲ್ಲೇ ಕುರ್ಚಿ. ಯಾರು ಏನು ಕೇಳಿದರೂ ಗಟ್ಟಿಯಾಗಿ ಉತ್ತರ. ರಾಜೀವಿ ಎರಡು ಬಾರಿ ಗಂಡನ ಅಭಿಪ್ರಾಯ ಕೇಳಿದ್ದನ್ನು ಕಂಡು ನಿಶ್ಮಿತಾ ಬಾಯಿ ಮೇಲೆ ಕೈಯಿಟ್ಟಳು. ಗೋಡೆಯ ದೊಡ್ಡ ಪರದೆಯಲ್ಲಿ ಗುರುಪಾದನ ಮರ. ಆಂಟಿ ಎನ್ನುತ್ತಿದ್ದ ಮಕ್ಕಳೆಲ್ಲ ಸರದಿ ನಿಂತು ಪ್ಲಸ್ ಒತ್ತಿ, ಯಾರೊಳಗಿಂದ ಯಾರು ಬರುತ್ತಾರೆಂದು ಬೆರಗಾಗಿ ನೋಡುತ್ತಿದ್ದವು. ವಿನೋದಿನಿ ತಮ್ಮ ಕುಟುಂಬಕ್ಕೂ ಇಂಥದ್ದೇ ಬೇಕು, ಅದರಲ್ಲಿ ಐತಣ್ಣನ ಹೆಸರು ದೊಡ್ಡದಾಗಿ ಬರಬೇಕು ಎಂದು ಅಲ್ಲೇ ಹೇಳಿ ಹೋದರು.

ಗುರುಪಾದ ಪರದೆಯ ವೈರು ಅಲುಗದಂತೆ ಹಿಡಿದು ಮೂಲೆಯಲ್ಲಿ ನಿಂತಿದ್ದ. ಪಕ್ಕದ ಕುರ್ಚಿಯಲ್ಲಿ ಇಳಕಲ್ ಸೀರೆ ಉಟ್ಟು ಅವನ ತಾಯಿ ಕಾಶವ್ವ ಕೂತಿದ್ದಳು. ಸಾಯನ್ನಿನಿಂದ ಬೀಗರ ಮನೆಯ ಕಾರ್ಯಕ್ಕೆಂದು ಬಂದವಳು, ಬಹಳ ಹೊತ್ತಿನಿಂದ ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಅಲ್ಲೋ ಗುರುಪಾದ, ಇದರಾಗ ನೀ ಎಲ್ಲಿ ಅದೀ?"

ತಾನಿಲ್ಲ, ಇದು ತಾಯಿಯ ಕಡೆಯಿಂದ ಇಳಿಯುವ ಮರ ಎಂದು ಗುರುಪಾದ ವಿವರಿಸಿದ. ಒಳಗೆ ಮಕ್ಕಳಿರುವ ಹೆಸರಿಗೆ ಮಾತ್ರ ಪ್ಲಸ್ ಬರುವ ಕ್ರಮವನ್ನೂ ತಿಳಿಸಿದ. ಹೇಳುತ್ತ ಹೇಳುತ್ತ ಅವನಿಗೆ ಹಳೆಯ ಹುಮ್ಮಸ್ಸು ಮರುಕಳಿಸಿತು. ಅವ್ವನಿಗೆ ಬೇಜಾರು ಬೇಡ, ತಮ್ಮ ಮನೆಗೂ ಒಂದು ಮರ ಕಟ್ಟುತ್ತೇನೆ, ಅದು ಅಪ್ಪನಿಂದಲೇ ಇಳಿಯುವ ಮರ, ಅದರಲ್ಲಿ ಈ ಗುರುಪಾದನ ಹೆಸರಿಗೆ ಎಲ್ಲರಿಗಿಂತ ದಪ್ಪ ಪ್ಲಸ್ ಇರುತ್ತದೆ ಎಂದು ಎದೆಯುಬ್ಬಿಸಿದ.

ಕಾಶವ್ವ ಮಗನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಮಾಡಪಾ, ಮಾಡು. ಖರೇ ಅಂದ್ರ, ಆ ಮರದಾಗೂ ನಿನಗ ಪ್ಲಸ್ ಹೆಂಗ ಬರ್ತೈತಿ? ಇದ್ದೊಂದ ಕೂಸನ್ನ ಬಂಗೇರಾ ಅಂತ ಹೇಳಿ, ಆ ಕಡೆ ಬರಕೊಟ್ಟ ಬಂದೀಯಂತಲ್ಲ. ನಿಮ್ಮ ಮಗಾ ಭಾಳ ದೊಡ್ಡ ಮನಸಿನಾವ ಅಂತ ಆ ಹುಡುಗನ ತಾಯಿ ಈಗರ ನನ್ನ ಕೈಯಾಗ ಪೇಢೇ ಇಟ್ಟು ಹೇಳಿ ಹೋದಳು."